ಸ್ಕ್ರೈಬ್, ರ‍್ಯಾಂಪ್, ಗಂಟೆಗೆ ಇಪ್ಪತ್ತು ನಿಮಿಷ: ಶಾಲೆ, ಕಚೇರಿಯಲ್ಲಿ ‘ಹೊಂದಾಣಿಕೆ’ ಯಾರ ಹಕ್ಕು, ಯಾರ ಹೊಣೆ?

ಕಣ್ಣು ಕಾಣದ ಅಭ್ಯರ್ಥಿಯೊಬ್ಬರ ತಾಯಿ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದರು. ಮಧ್ಯಪ್ರದೇಶದ ನ್ಯಾಯಾಂಗ ಸೇವೆಯ ನಿಯಮದ ಪ್ರಕಾರ ದೃಷ್ಟಿ ಇಲ್ಲದವರು, ದೃಷ್ಟಿ ಮಂದ ಇರುವವರು ನ್ಯಾಯಾಧೀಶರಾಗುವ ಹಾಗೇ ಇರಲಿಲ್ಲ. ಕೋರ್ಟ್ ಆ ಪತ್ರವನ್ನೇ ಅರ್ಜಿಯಾಗಿ ಎತ್ತಿಕೊಂಡಿತು. 2025ರ ಮಾರ್ಚ್ 3ರಂದು ತೀರ್ಪು ಬಂತು, ಆ ನಿಯಮ ರದ್ದಾಯಿತು. ದೃಷ್ಟಿ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲ ಎಂದು ಕೋರ್ಟ್ ಹೇಳಿತು.

ಆ ತೀರ್ಪಿನಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ‘ರೀಸನಬಲ್ ಅಕಾಮಡೇಶನ್’. ಈಚಿನ ವರ್ಷಗಳಲ್ಲಿ ವೈದ್ಯಕೀಯ ಕಾಲೇಜಿನ ಸೀಟು, ಯುಪಿಎಸ್‌ಸಿ ಪರೀಕ್ಷೆ, ಅರೆಸೇನಾ ಪಡೆಯ ನೌಕರಿ ಹೀಗೆ ಒಂದಾದ ಮೇಲೊಂದು ತೀರ್ಪಿನಲ್ಲಿ ಇದೇ ಮಾತು ಬಂದಿದೆ. ಆದರೆ ಮಗುವನ್ನು ಶಾಲೆಗೆ ಸೇರಿಸಲು ಹೋದ ಅಪ್ಪ ಅಮ್ಮನಿಗೆ, ಕಚೇರಿಯಲ್ಲಿ ರಜೆ ಕೇಳಲು ಹಿಂಜರಿಯುವ ನೌಕರನಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಿರುವುದಿಲ್ಲ. ಈ ಲೇಖನದಲ್ಲಿ ಅದನ್ನು ‘ಹೊಂದಾಣಿಕೆ’ ಎಂದು ಕರೆಯೋಣ.

ಹೊಂದಾಣಿಕೆ ಎಂದರೇನು?

ನಮ್ಮ ದೇಶದಲ್ಲಿ ಇದಕ್ಕೆ ಆಧಾರ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ವಿಶ್ವಸಂಸ್ಥೆ 2006ರಲ್ಲಿ ಅಂಗವೈಕಲ್ಯ ಇರುವವರ ಹಕ್ಕುಗಳ ಬಗ್ಗೆ ಒಂದು ಒಪ್ಪಂದ ಮಾಡಿತು. ಭಾರತ 2007ರಲ್ಲೇ ಅದಕ್ಕೆ ಬದ್ಧವಾಯಿತು. ಆ ಒಪ್ಪಂದಕ್ಕೆ ತಕ್ಕಂತೆ ನಮ್ಮ 1995ರ ಹಳೆಯ ಕಾಯ್ದೆಯನ್ನು ತೆಗೆದು ಹೊಸದನ್ನು ತಂದರು.

ಕಾಯ್ದೆಯ ವ್ಯಾಖ್ಯೆಯನ್ನು ಸರಳವಾಗಿ ಹೇಳುವುದಾದರೆ ಇಷ್ಟು: ಅಂಗವೈಕಲ್ಯ ಇರುವ ಒಬ್ಬ ವ್ಯಕ್ತಿ ಉಳಿದವರ ಸಮಕ್ಕೆ ಓದಲು, ಕೆಲಸ ಮಾಡಲು, ತನ್ನ ಹಕ್ಕು ಬಳಸಲು ವ್ಯವಸ್ಥೆಯಲ್ಲಿ ಮಾಡಬೇಕಾದ ತಕ್ಕ ಬದಲಾವಣೆಯೇ ಹೊಂದಾಣಿಕೆ. ಆ ಬದಲಾವಣೆ ಮಾಡುವವರ ಮೇಲೆ ಮಿತಿಮೀರಿದ ಹೊರೆ ಬೀಳಬಾರದು, ಅಷ್ಟೆ.

ಸರ್ಕಾರಿ ಶಾಲೆಯ ಸಮವಸ್ತ್ರವನ್ನೇ ನೋಡಿ. ಬಟ್ಟೆ ಎಲ್ಲರಿಗೂ ಒಂದೇ ಥಾನಿನದ್ದು, ಒಂದೇ ಬಣ್ಣದ್ದು. ಆದರೆ ಹೊಲಿಸಲು ಹೋದಾಗ ಟೈಲರ್ ಪ್ರತಿ ಮಗುವಿನ ಅಳತೆ ತೆಗೆದುಕೊಳ್ಳುತ್ತಾನೆ. ಯಾರ ಅಳತೆಯೂ ‘ವಿನಾಯಿತಿ’ ಅಲ್ಲ. ಅಳತೆ ನೋಡದೆ ಹೊಲಿದರೆ ಬಟ್ಟೆ ಕೊಟ್ಟೂ ಕೊಡದ ಹಾಗೆ. ಹೊಂದಾಣಿಕೆಯ ಹಿಂದಿರುವ ಯೋಚನೆಯೂ ಇದೇ. ಪಾಠ ಅದೇ, ಪರೀಕ್ಷೆ ಅದೇ, ಕೆಲಸ ಅದೇ. ತಲುಪುವ ದಾರಿಯನ್ನು ಆ ವ್ಯಕ್ತಿಯ ಅಳತೆಗೆ ಸರಿಮಾಡಬೇಕು.

ಹೊಂದಾಣಿಕೆ ಕೊಡದೇ ಇರುವುದನ್ನೂ ಕಾಯ್ದೆ ‘ತಾರತಮ್ಯ’ ಎಂದೇ ಕರೆಯುತ್ತದೆ. ಬೈಯದಿದ್ದರೂ, ಹೊರಗೆ ಕಳಿಸದಿದ್ದರೂ, ಸುಮ್ನೆ ಏನೂ ಮಾಡದೆ ಕುಳಿತರೂ ಅದು ತಾರತಮ್ಯವೇ. ಇಡೀ ಕಾಯ್ದೆಯಲ್ಲಿ ಅತಿ ಮುಖ್ಯವಾದ, ಆದರೆ ಅತಿ ಕಡಿಮೆ ಜನಕ್ಕೆ ಗೊತ್ತಿರುವ ಸಾಲು ಇದು ಅನ್ನಿಸುತ್ತದೆ.

ರ‍್ಯಾಂಪ್ ಎಲ್ಲರಿಗೆ, ಹೊಂದಾಣಿಕೆ ಒಬ್ಬರಿಗೆ

ಇಲ್ಲಿ ಎರಡು ವಿಷಯಗಳು ಬೆರೆತುಹೋಗುತ್ತವೆ. ಒಂದು ಸುಗಮ್ಯತೆ, ಅಂದರೆ ಎಲ್ಲರೂ ಬಳಸುವಂತೆ ಮೊದಲೇ ಕಟ್ಟುವುದು. ಶಾಲೆಯ ಬಾಗಿಲಲ್ಲಿ ರ‍್ಯಾಂಪ್, ವೀಲ್‌ಚೇರ್ ಹೋಗುವಷ್ಟು ಅಗಲದ ಶೌಚಾಲಯದ ಬಾಗಿಲು, ಲಿಫ್ಟ್‌ನಲ್ಲಿ ಬ್ರೈಲ್ ಗುಂಡಿ ಇವೆಲ್ಲ ಇದರಲ್ಲಿ ಬರುತ್ತವೆ. ಇಂಥವು ಬೇಕಾದವರು ಬರುವ ಮುಂಚೆಯೇ ಇರಬೇಕು. ಯಾರೂ ಅರ್ಜಿ ಹಾಕಬೇಕಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಗಟ್ಟಿಯಾಗಿ ಹೇಳಿತು: ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯ ರೂಪದಲ್ಲಿ ಇದ್ದರೆ ಸಾಲದು, ಕೇಂದ್ರ ಸರ್ಕಾರ ಕಡ್ಡಾಯ ನಿಯಮ ಮಾಡಬೇಕು.

ಎಷ್ಟೇ ಚೆನ್ನಾಗಿ ಕಟ್ಟಿದರೂ ಒಬ್ಬೊಬ್ಬರಿಗೆ ಬೇಕಾದದ್ದೆಲ್ಲ ಅದರಲ್ಲಿ ಬರುವುದಿಲ್ಲ. ಹೊಂದಾಣಿಕೆ ಶುರುವಾಗುವುದು ಅಲ್ಲಿಂದ. ಇದು ಕೇಳಿದ ಮೇಲೆ, ಆ ವ್ಯಕ್ತಿಯ ಜೊತೆ ಕೂತು ಮಾತಾಡಿದ ಮೇಲೆ ಮಾಡುವಂಥದ್ದು.

ರ‍್ಯಾಂಪ್ ವಿಷಯದಲ್ಲಿ ಒಂದು ಮಾತು ಸೇರಿಸಲೇಬೇಕು. ಒಂದಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದ ಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ನಮ್ಮ ಎಷ್ಟೋ ಶಾಲೆಗಳಲ್ಲಿ, ಬ್ಯಾಂಕುಗಳಲ್ಲಿ ಮೂರು ಮೆಟ್ಟಿಲ ಪಕ್ಕ ಜಾರುಬಂಡೆಯ ಹಾಗೆ ಒಂದು ಸಿಮೆಂಟಿನ ಇಳಿಜಾರು ಮಾಡಿರುತ್ತಾರೆ. ಅದರ ಮೇಲೆ ವೀಲ್‌ಚೇರ್ ಏರುವುದಿಲ್ಲ, ಏರಿದರೂ ಹಿಂದಕ್ಕೆ ಬೀಳುತ್ತದೆ. ಅಂಥದ್ದನ್ನು ರ‍್ಯಾಂಪ್ ಎಂದು ಲೆಕ್ಕಕ್ಕೆ ಹಿಡಿಯಬಾರದು.

ಶೇ 40ರ ಗೊಂದಲ

‘ನಿಮ್ಮ ಹುಡುಗನಿಗೆ ಶೇ 40 ಇಲ್ಲವಲ್ಲ, ಹಾಗಾಗಿ ಏನೂ ಸಿಗಲ್ಲ’ ಎಂಬ ಮಾತನ್ನು ತುಂಬಾ ಜನ ಕೇಳಿರುತ್ತಾರೆ. ಇದು ಅರ್ಧ ಸತ್ಯ.

ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಈಗ 21. ದೃಷ್ಟಿ, ಶ್ರವಣ, ಚಲನೆಯ ತೊಂದರೆಗಳ ಜೊತೆ ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಪಾರ್ಕಿನ್ಸನ್ ಕಾಯಿಲೆ, ಆ್ಯಸಿಡ್ ದಾಳಿಗೆ ಒಳಗಾದವರು, ತಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆ ಇವೆಲ್ಲ ಸೇರಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥ ಸಮುದಾಯಗಳಲ್ಲಿ ಸಿಕಲ್ ಸೆಲ್ ಕಾಣಿಸಿಕೊಳ್ಳುತ್ತದೆ. ಆ ಮಗು ಹೊರನೋಟಕ್ಕೆ ಎಲ್ಲರ ಹಾಗೇ ಇರುತ್ತದೆ. ಆದರೆ ಪದೇ ಪದೇ ನೀರು ಕುಡಿಯಬೇಕು, ಬಿಸಿಲಲ್ಲಿ ಜಾಸ್ತಿ ಓಡಬಾರದು, ನೋವು ಬಂದಾಗ ದಿನಗಟ್ಟಲೆ ಶಾಲೆ ತಪ್ಪುತ್ತದೆ. ಅಂಗವೈಕಲ್ಯ ಎಂದರೆ ಕಣ್ಣಿಗೆ ಕಾಣಲೇಬೇಕು ಎಂಬ ನಂಬಿಕೆಯಿಂದ ಇಂಥ ಮಕ್ಕಳಿಗೆ ಆಗುವ ನಷ್ಟ ದೊಡ್ಡದು. ‘ಸೋಮಾರಿ’ ಅನ್ನಿಸಿಕೊಳ್ಳುವವರಲ್ಲಿ ಇವರೂ ಇರುತ್ತಾರೆ.

ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದೆ ಎಂದು ವೈದ್ಯಕೀಯ ಪ್ರಾಧಿಕಾರ ದೃಢಪಡಿಸಿದರೆ ಮೀಸಲಾತಿಯಂಥ ಕೆಲವು ಸೌಲಭ್ಯಗಳು ಸಿಗುತ್ತವೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು. ಹೊಂದಾಣಿಕೆಗೆ ಈ ಗೆರೆ ಇಲ್ಲ.

ಈ ಮಾತನ್ನು ಸ್ಪಷ್ಟಪಡಿಸಿದ್ದು 2021ರ ಫೆಬ್ರವರಿಯ ಒಂದು ತೀರ್ಪು. ಯುಪಿಎಸ್‌ಸಿ ಪರೀಕ್ಷೆ ಬರೆಯಲು ಹೊರಟ ಒಬ್ಬರಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ನರಸಂಬಂಧಿ ತೊಂದರೆ ಇತ್ತು. ತನ್ನ ಉತ್ತರವನ್ನು ಬೇರೆಯವರಿಂದ ಬರೆಸಲು, ಅಂದರೆ ಸ್ಕ್ರೈಬ್ ಇಟ್ಟುಕೊಳ್ಳಲು ಅವರು ಕೇಳಿದರು. ಶೇ 40ರ ಪಟ್ಟಿಯಲ್ಲಿ ಇಲ್ಲ ಎಂದು ಆಯೋಗ ನಿರಾಕರಿಸಿತು. ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಪರ ನಿಂತಿತು: ಶೇ 40 ಎಂಬುದು ಮೀಸಲಾತಿಯಂಥ ಸೌಲಭ್ಯಕ್ಕೆ ಇರುವ ಅಳತೆ, ಅದನ್ನು ಹೊಂದಾಣಿಕೆ ನಿರಾಕರಿಸಲು ಬಳಸುವಂತಿಲ್ಲ. ಇದಾದ ಮೇಲೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ, ಶೇ 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟವಾಗುವವರಿಗೂ ಮಾರ್ಗಸೂಚಿ ಹೊರಡಿಸಿತು.

ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಯುಡಿಐಡಿ ಎಂಬ ಗುರುತಿನ ಚೀಟಿಯಲ್ಲೂ ಇದು ಕಾಣುತ್ತದೆ. ಶೇ 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ ಕಾರ್ಡ್, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಬಿಳಿ ಕಾರ್ಡ್ ಇದೆ ಎಂದರೇ ಆ ತೊಂದರೆಯನ್ನು ಸರ್ಕಾರ ಗುರುತಿಸಿದೆ ಎಂದರ್ಥ. ‘ಬಿಳಿ ಕಾರ್ಡ್ ಯಾವುದಕ್ಕೂ ಬರಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಶಾಲೆಯಲ್ಲಿ ಏನೇನು ಬದಲಾಗಬೇಕು?

ಸರ್ಕಾರಿ, ಅನುದಾನಿತ ಮಾತ್ರವಲ್ಲದೆ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಕಾಯ್ದೆ ಅನ್ವಯಿಸುತ್ತದೆ. ವೈಕಲ್ಯ ಇದೆ ಎಂದು ಸೇರಿಸಿಕೊಳ್ಳದೆ ಕಳಿಸುವಂತಿಲ್ಲ. ಪಾಠದಷ್ಟೇ ಆಟದಲ್ಲೂ ಅವಕಾಶ ಕೊಡಬೇಕು. ಆಟದ ಅವಧಿಯಲ್ಲಿ ‘ನೀನು ಇಲ್ಲೇ ಬ್ಯಾಗ್ ನೋಡ್ಕೊಂಡು ಕೂತಿರು’ ಎನ್ನುವುದು ಪ್ರೀತಿಯಿಂದ ಹೇಳಿದ್ದೇ ಇರಬಹುದು, ಆದರೂ ಆ ಮಗುವಿನ ಪಾಲಿನದನ್ನು ಕಿತ್ತುಕೊಂಡಂತೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಉಚಿತ ಶಿಕ್ಷಣ ಕೊಟ್ಟರೆ, ನಿಗದಿತ ಮಟ್ಟದ, ಅಂದರೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಕ್ಕಳಿಗೆ ಅದು 18 ವರ್ಷದವರೆಗೆ. ಹತ್ತಿರದ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಎಂದು ಆರಿಸಿಕೊಳ್ಳುವುದೂ ಅವರಿಗೆ ಬಿಟ್ಟದ್ದು.

ಇನ್ನು ಒಂದು ತರಗತಿಯ ಒಳಗೆ ಹೋಗಿ ನೋಡೋಣ. ಕಣ್ಣು ಕಾಣದ ಮಗು ಕೂತಿದೆ, ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾ ‘ಇದರಲ್ಲಿ ಇದನ್ನು ಕಳೆದರೆ ಇಷ್ಟು ಬಂತು’ ಅನ್ನುತ್ತಾರೆ. ಆ ಮಗುವಿಗೆ ಏನೂ ತಿಳಿಯಲಿಲ್ಲ. ‘ನಲವತ್ತೆರಡರಲ್ಲಿ ಹದಿನೇಳು ಕಳೆದರೆ’ ಎಂದು ಅಂಕಿ ಹೇಳಿದ್ದರೆ ಸಾಕಿತ್ತು. ಕಿವಿ ಕೇಳದ ಮಗು ಮೇಷ್ಟ್ರ ತುಟಿ ನೋಡಿ ಮಾತು ಹಿಡಿಯುತ್ತದೆ. ಅವರು ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಅಷ್ಟೂ ಹೊತ್ತಿನ ಪಾಠ ಹೋಯಿತು. ಬರೆಯುವಾಗ ಬರೆದು, ತಿರುಗಿ ನಿಂತು ಮಾತಾಡಿದರೆ ಆಯಿತು. ಈ ಎರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಇಡೀ ತರಗತಿಗೂ ಪಾಠ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ.

ಜಾಸ್ತಿ ಗಮನ ಬೇಕಿರುವುದು ಕಲಿಕಾ ನ್ಯೂನತೆ ಇರುವ ಮಕ್ಕಳ ಕಡೆಗೆ. ಅಂಥ ಮಗು ಮಾತಿನಲ್ಲಿ ಚುರುಕು, ಕೇಳಿದ ಕಥೆಯನ್ನು ಪೂರ್ತಿ ಹೇಳುತ್ತದೆ. ಓದಲು ಕೊಟ್ಟರೆ ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಡುತ್ತದೆ. ಕಾಗುಣಿತ ತಪ್ಪುತ್ತದೆ, ಬೋರ್ಡಿನಿಂದ ನಕಲು ಮಾಡುವಷ್ಟರಲ್ಲಿ ಬೆಲ್ ಆಗಿರುತ್ತದೆ. ಮನೆಯಲ್ಲಿ ಬೈಗುಳ, ಶಾಲೆಯಲ್ಲಿ ಹಿಂದಿನ ಬೆಂಚು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯ ಹೊಣೆ ಎಂದು ಕಾಯ್ದೆಯೇ ಹೇಳುತ್ತದೆ. ಸಾಮಾನ್ಯವಾಗಿ ಎಂಟು ವರ್ಷ ಅಥವಾ ಮೂರನೇ ತರಗತಿಯ ಹೊತ್ತಿಗೆ ಪರೀಕ್ಷಿಸಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತಜ್ಞರಿದ್ದಾರೆ.

ಪರೀಕ್ಷೆಯ ವಿಷಯಕ್ಕೆ ಬಂದರೆ ಕಾಯ್ದೆ ಮೂರು ಉದಾಹರಣೆಗಳನ್ನು ಹೆಸರಿಸಿಯೇ ಹೇಳಿದೆ: ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು. ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ನಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲೂ ಸ್ಕ್ರೈಬ್, ಹೆಚ್ಚುವರಿ ಸಮಯದಂಥ ಸೌಲಭ್ಯ ಇವೆ. ಆದರೆ ದಾಖಲೆಗಳನ್ನು ಶಾಲೆಯೇ ಮುಂಚಿತವಾಗಿ ಕಳಿಸಬೇಕು. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ. ಎಂಟನೇ ತರಗತಿಯಲ್ಲೇ ಮುಖ್ಯ ಶಿಕ್ಷಕರ ಹತ್ತಿರ ಈ ಮಾತು ತೆಗೆಯುವುದು ಒಳ್ಳೆಯದು.

ಕೆಲಸದ ಜಾಗದಲ್ಲಿ

ಸರ್ಕಾರಿ ಕಚೇರಿಗಳಿಗೆ ನಿಯಮ ನೇರವಾಗಿದೆ: ಹೊಂದಾಣಿಕೆ ಕೊಡಲೇಬೇಕು. ಸೇವೆಯಲ್ಲಿ ಇರುವಾಗ ಅಪಘಾತದಿಂದಲೋ ಕಾಯಿಲೆಯಿಂದಲೋ ವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಇದ್ದ ಹುದ್ದೆ ನಿಭಾಯಿಸಲು ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲವೆಂದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಅದರಲ್ಲಿ ಇಡಬೇಕು. ಬಸ್ ಚಾಲಕರು, ಲೈನ್‌ಮನ್‌ಗಳು, ಪೊಲೀಸರ ಮನೆಯವರು ತಿಳಿದಿರಲೇಬೇಕಾದ ಮಾತಿದು.

ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯೊಂದನ್ನು ಬರೆದು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಯಾವ ಹುದ್ದೆಗಳು ತಕ್ಕವು, ಏನು ಸೌಲಭ್ಯ ಕೊಡುತ್ತೇವೆ, ರಜೆ ಹೇಗೆ, ಇದನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಯಾರು ಎಂಬುದೂ ಇರಬೇಕು. ನೀವು ಕೆಲಸ ಮಾಡುವ ಕಡೆ ಇಂಥದ್ದೊಂದು ಇದೆಯೇ ಎಂದು ಎಚ್‌ಆರ್ ವಿಭಾಗವನ್ನು ಕೇಳಿ ನೋಡಿ.

ದಿನದ ಕೆಲಸದಲ್ಲಿ ಹೊಂದಾಣಿಕೆ ಎಂದರೆ ಹೀಗಿರಬಹುದು. ಮೂರ್ಛೆರೋಗ ಇರುವವರಿಗೆ ನಿದ್ದೆ ಕೆಡುವುದು ಅಪಾಯ, ಹಾಗಾಗಿ ನೈಟ್ ಶಿಫ್ಟ್ ಬೇಡ. ಕಿವಿ ಕೇಳದವರಿಗೆ ಫೋನ್ ಬದಲು ಮೆಸೇಜ್, ಮೀಟಿಂಗ್ ಮುಗಿದ ಮೇಲೆ ಏನು ತೀರ್ಮಾನ ಆಯಿತೆಂದು ಎರಡು ಸಾಲು ಬರಹದಲ್ಲಿ. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ಬೆಳಿಗ್ಗೆ ಒಂದು ಗಂಟೆ ತಡವಾಗಿ ಬರುವ ಅನುಕೂಲ.

ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಿಗೆ ಒಂದು ವಿಶೇಷ ಸಂಗತಿ. ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಬಳಸುತ್ತಾರೆ. ತೆರೆಯ ಮೇಲಿನದನ್ನು ಅದು ಗಟ್ಟಿಯಾಗಿ ಓದುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತದಲ್ಲಿ ಇದ್ದರೆ ಮಾತ್ರ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆಯೂ ಅಷ್ಟೆ, ಅದು ಬರೀ ಚಿತ್ರ. ಸುತ್ತೋಲೆಯನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹಾಗೇ ಕಳಿಸಿದರೆ, ಪಕ್ಕದ ಟೇಬಲ್ಲಿನವರಿಂದ ಓದಿಸಿಕೊಳ್ಳುವ ಅನಿವಾರ್ಯತೆ ಒಬ್ಬ ನೌಕರನಿಗೆ ತಪ್ಪುತ್ತದೆ.

2021ರ ಡಿಸೆಂಬರ್‌ನ ಇನ್ನೊಂದು ತೀರ್ಪನ್ನೂ ಹೇಳಬೇಕು. ಸಿಆರ್‌ಪಿಎಫ್‌ನ ಅಧಿಕಾರಿಯೊಬ್ಬರಿಗೆ ಮಾನಸಿಕ ಕಾಯಿಲೆ ಇತ್ತು. ಅವರ ನಡವಳಿಕೆಯ ಬಗ್ಗೆ ಶಿಸ್ತುಕ್ರಮ ಶುರುವಾಯಿತು. ನಿಯಮ ಎಲ್ಲರಿಗೂ ಒಂದೇ ಎಂಬುದು ಇಲಾಖೆಯ ವಾದ. ಆದರೆ ಮಾನಸಿಕ ವೈಕಲ್ಯ ಇರುವವರಿಗೆ ಅದೇ ನಿಯಮ ಪಾಲಿಸುವುದು ಉಳಿದವರಿಗಿಂತ ಕಷ್ಟ. ಹಾಗಾಗಿ ಅವರು ಶಿಕ್ಷೆಗೆ ಸಿಕ್ಕಿಬೀಳುವ ಸಾಧ್ಯತೆಯೂ ಹೆಚ್ಚು. ಇದನ್ನು ಸುಪ್ರೀಂ ಕೋರ್ಟ್ ಪರೋಕ್ಷ ತಾರತಮ್ಯ ಎಂದು ಗುರುತಿಸಿತು.

ಉಳಿದವರಿಗೆ ಅನ್ಯಾಯ ಅಲ್ವಾ?

ಸ್ಟಾಫ್ ರೂಮಿನಲ್ಲಿ, ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರೆಲ್ಲ ಕೆಟ್ಟ ಮನಸ್ಸಿನವರಲ್ಲ. ಉತ್ತರ ಸಿಗಬೇಕಾದರೆ ಪರೀಕ್ಷೆ ಯಾವುದನ್ನು ಅಳೆಯುತ್ತಿದೆ ಎಂದು ನೋಡಬೇಕು. ಇತಿಹಾಸದ ಪರೀಕ್ಷೆ ಇತಿಹಾಸದ ತಿಳಿವಳಿಕೆಯನ್ನು ಅಳೆಯುತ್ತದೆ, ಕೈಯ ವೇಗವನ್ನಲ್ಲ. ಸ್ಕ್ರೈಬ್ ಬರೆಯುವುದು ಅಭ್ಯರ್ಥಿ ಹೇಳಿದ್ದನ್ನು ಮಾತ್ರ. ಉತ್ತರ ಗೊತ್ತಿಲ್ಲದವರಿಗೆ ಇಪ್ಪತ್ತು ನಿಮಿಷ ಜಾಸ್ತಿ ಕೊಟ್ಟರೂ ಉತ್ತರ ಬರುವುದಿಲ್ಲ. ಅದೇ ಟೈಪಿಂಗ್ ವೇಗದ ಪರೀಕ್ಷೆಯಾದರೆ ವೇಗವೇ ಅಲ್ಲಿ ಅಳೆಯುವ ವಸ್ತು. ಅಲ್ಲಿ ಲೆಕ್ಕ ಬೇರೆಯಾಗುತ್ತದೆ.

2025ರ ಫೆಬ್ರವರಿಯಲ್ಲಿ ಎಂಬಿಬಿಎಸ್ ಪ್ರವೇಶದ ಪ್ರಕರಣದಲ್ಲೂ ಇದೇ ತರ್ಕ ಬಂತು. ‘ಎರಡೂ ಕೈಗಳು ಸರಿಯಿರಬೇಕು’ ಎಂಬ ಷರತ್ತು ಅಭ್ಯರ್ಥಿ ಏನು ಮಾಡಬಲ್ಲ ಎಂದು ಪರೀಕ್ಷಿಸುವುದೇ ಇಲ್ಲ ಎಂದು ಕೋರ್ಟ್ ತಪ್ಪು ಹಿಡಿಯಿತು. ದೇಹ ಹೇಗಿದೆ ಎನ್ನುವುದಕ್ಕಿಂತ, ತಕ್ಕ ಸಲಕರಣೆ, ನೆರವು ಸಿಕ್ಕರೆ ಈ ವ್ಯಕ್ತಿ ಆ ಕೆಲಸ ಮಾಡಬಲ್ಲರೇ ಎಂದು ನೋಡಬೇಕು.

ಎಲ್ಲಿಯವರೆಗೆ ಕೊಡಬೇಕು?

ಮಿತಿ ಇದೆ. ಮಿತಿಮೀರಿದ ಹೊರೆ ಬಿದ್ದರೆ ನಿರಾಕರಿಸಬಹುದು. ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ ನಾಲ್ಕು ಜನರನ್ನಿಟ್ಟು ನಡೆಸುವ ಸಂಸ್ಥೆ ಲಿಫ್ಟ್ ಹಾಕಿಸಲು ಆಗದಿರಬಹುದು. ಆದರೆ ಕೆಳಗೆ ಒಂದು ಟೇಬಲ್ ಹಾಕಿಕೊಡಬಹುದೇ, ಮನೆಯಿಂದ ಕೆಲಸ ಮಾಡಲು ಬಿಡಬಹುದೇ? ಒಂದು ದಾರಿ ಆಗದಿದ್ದರೆ ಇನ್ನೊಂದನ್ನು ಹುಡುಕಬೇಕು. ‘ನಮ್ಮಲ್ಲಿ ಈವರೆಗೆ ಹೀಗೆ ಮಾಡಿಲ್ಲ’ ಎಂಬುದು ಹೊರೆಯ ಲೆಕ್ಕದಲ್ಲಿ ಬರುವುದಿಲ್ಲ.

ಇದನ್ನೆಲ್ಲ ಒಬ್ಬರೇ ಕೂತು ತೀರ್ಮಾನಿಸುವಂತಿಲ್ಲ. ವ್ಯಕ್ತಿಯ ಜೊತೆ ಮಾತಾಡಿ, ಅವರಿಗೆ ನಿಜಕ್ಕೂ ಏನು ಬೇಕೆಂದು ತಿಳಿದುಕೊಳ್ಳುವುದು ಈ ಪ್ರಕ್ರಿಯೆಯ ಭಾಗವೇ ಎಂದು 2021ರ ಯುಪಿಎಸ್‌ಸಿ ತೀರ್ಪು ಹೇಳಿದೆ. ಒಂದು ಶಾಲೆಯ, ಕಚೇರಿಯ ವಾತಾವರಣ ಹೇಗಿದೆ ಎಂದು ಗೊತ್ತಾಗುವುದು ಈ ಮಾತುಕತೆಯಲ್ಲಿ. ‘ನಿಮಗೆ ಏನಿದ್ದರೆ ಅನುಕೂಲ?’ ಎಂದು ಕೇಳುವ ಕಡೆ ಜನ ಮುಚ್ಚಿಡುವುದಿಲ್ಲ. ‘ಪಾಪ, ನಿಮಗೆ ಯಾಕೆ ಈ ಕಷ್ಟ’ ಎನ್ನುವ ಕಡೆ ಮುಚ್ಚಿಟ್ಟುಕೊಂಡೇ ನರಳುತ್ತಾರೆ. ಕೇಳಿ ತಿಳಿದ ವಿಷಯವನ್ನು ಇಡೀ ತರಗತಿಗೆ, ಇಡೀ ಆಫೀಸಿಗೆ ಸಾರಬಾರದು. ಯಾರಿಗೆ ಎಷ್ಟು ಗೊತ್ತಾಗಬೇಕು ಎಂದು ಹೇಳುವುದು ಆ ವ್ಯಕ್ತಿಗೆ ಬಿಟ್ಟದ್ದು.

ಕೇಳುವುದು ಹೇಗೆ, ಸಿಗದಿದ್ದರೆ ಏನು?

ಬರಹದಲ್ಲಿ ಕೇಳಿ. ಕಾಯಿಲೆಯ ಇತಿಹಾಸವೆಲ್ಲ ಬೇಕಿಲ್ಲ. ಯಾವ ಕೆಲಸದಲ್ಲಿ ಅಡ್ಡಿಯಾಗುತ್ತಿದೆ, ಏನು ಬದಲಾದರೆ ಸರಿಹೋಗುತ್ತದೆ ಎಂದು ಬರೆದು, ಪ್ರಮಾಣಪತ್ರದ ಪ್ರತಿ ಸೇರಿಸಿ, ಸ್ವೀಕೃತಿ ಪಡೆಯಿರಿ. ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ಹಳ್ಳಿಗಳಲ್ಲಿ ಇದಕ್ಕೆ ನೆರವಾಗಲು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಜನ ಅವರನ್ನು ವಿಆರ್‌ಡಬ್ಲ್ಯು ಎನ್ನುತ್ತಾರೆ. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಶಾಲೆಯ ವಿಷಯವಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಇರುವ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರನ್ನು ಕೇಳಬಹುದು. ವಿಶೇಷ ಅಗತ್ಯ ಇರುವ ಮಕ್ಕಳ ಕಲಿಕೆಗೆ ನೆರವಾಗುವುದೇ ಅವರ ಕೆಲಸ.

ಸರ್ಕಾರಿ ಕಚೇರಿಗಳಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ಮೊದಲ ದೂರು ಅವರಿಗೆ. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರ ಕಚೇರಿ ಇದೆ. ಅಂಗವೈಕಲ್ಯ ಇರುವವರ ಹಕ್ಕುಗಳಿಗೆಂದೇ ಇರುವ ಕಚೇರಿ ಇದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಏನು ಕ್ರಮ ಕೈಗೊಂಡಿತು ಎಂದು ಮೂರು ತಿಂಗಳೊಳಗೆ ತಿಳಿಸಬೇಕು. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ. ದೂರು ಕೊಡುವಾಗ ಹೊಂದಾಣಿಕೆ ಕೇಳಿ ಬರೆದ ಮೊದಲ ಪತ್ರ, ಅದರ ಸ್ವೀಕೃತಿ, ಬಂದ ಉತ್ತರ ಮೂರನ್ನೂ ಜೊತೆಗಿಡಿ. ಉತ್ತರವೇ ಬಂದಿಲ್ಲವೆಂದರೆ ಅದನ್ನೂ ದಿನಾಂಕ ಹಾಕಿ ಬರೆಯಿರಿ.